ಎಡಗಾಲಿನ ನಿರುದ್ಯೋಗ ಸಮಸ್ಯೆ

ಮೋಟಾರ್‌ಸೈಕಲ್ ಸವಾರನ ದೇಹದಲ್ಲಿ ಎಡಗಾಲಿಗೂ ಎಡಗೈಗೂ ಇದ್ದ ಸ್ಥಾನಮಾನವು ಕಳೆದ ಒಂದೂವರೆ ದಶಕದಿಂದ ಮೆಲ್ಲಮೆಲ್ಲನೆ ಕುಸಿಯುತ್ತ ಬಂದಿದ್ದು, ಈ ಕುಸಿತದ ಪರಿಣಾಮಗಳನ್ನು ಅಧ್ಯಯನ ಮಾಡುವುದಕ್ಕೆ ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರಕ್ಕಿಂತ ತಕ್ಕ ಸ್ಥಳ ಇನ್ನೊಂದಿರಲಾರದು. ಬಣಕಲ್ ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 73 ಇಲ್ಲಿಂದ ಮುಂದೆ ಚಾರ್ಮಾಡಿ ಘಾಟಿಯನ್ನು ಇಳಿಯುತ್ತದೆ. ಇನ್ನೊಂದು ದಾರಿ ಬಾಳೂರಿನ ಕಡೆಯಿಂದ ಕಳಸ, ಹೊರನಾಡುಗಳಿಗೆ ಹೋಗುತ್ತದೆ. ಘಾಟಿ ಹತ್ತಿದವರು ಹತ್ತಿದ ಸಂತೋಷಕ್ಕೂ ಇಳಿಯಬೇಕಾದವರು ಇಳಿಯುವ ಧೈರ್ಯಕ್ಕೂ ಇಲ್ಲಿ ನೀರುದೋಸೆ ತಿನ್ನುವುದು ವಾಡಿಕೆಯಾದ್ದರಿಂದ, ಶನಿವಾರ ಭಾನುವಾರಗಳಂದು ಹೋಟೆಲುಗಳ ಮುಂದೆ ಭಾರತದಲ್ಲಿ ದೊರೆಯುವ ಬಹುಪಾಲು ಜಾತಿಯ ಗೇರ್‌ಬಾಕ್ಸುಗಳು ಸಾಲಾಗಿ ನಿಂತಿರುತ್ತವೆ. ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವೂ ಇದೇ ಊರಿನಲ್ಲಿದೆ. ಕನ್ನಡದ ದೊಡ್ಡ ಲೇಖಕರಲ್ಲಿ ಈ ಸಾಲಿನ ಮುಂದೆ ದೋಸೆ ಆರಿಹೋಗುವ ತನಕ ಕುಕ್ಕರಗಾಲಿನಲ್ಲಿ ಕುಳಿತು ಎಂಜಿನ್ನುಗಳನ್ನು ಇಣುಕಿ ನೋಡಬಹುದಾಗಿದ್ದವರು ಬಹುಶಃ ಅವರೊಬ್ಬರೇ.

ಈ ಸಾಲಿನಲ್ಲಿ ಗಮನ ಸೆಳೆಯುವ ಸಾಹಸ ಮೋಟಾರ್‌ಸೈಕಲ್ ಎಂದರೆ, ತಯಾರಕರ ವಿವರಣೆಯ ಪ್ರಕಾರ, ಡಾಂಬರು ರಸ್ತೆಯಲ್ಲೂ ರಸ್ತೆಯೇ ಇಲ್ಲದ ಕಡೆಯಲ್ಲೂ ಓಡಬಲ್ಲ, ಎತ್ತರದ ಸೀಟು, ದೊಡ್ಡ ಮುಂಚಕ್ರ ಮತ್ತು ಇಕ್ಕೆಲಗಳಲ್ಲಿ ಪೆಟ್ಟಿಗೆಗಳುಳ್ಳ ವಾಹನ. ಈ ವ್ಯಾಖ್ಯೆಯಲ್ಲಿ ಒಂದು ತೊಡಕಿದೆ. ಮಳೆಗಾಲ ಮುಗಿದ ಮೇಲೆ ಮೂಡಿಗೆರೆ ತಾಲ್ಲೂಕಿನಲ್ಲಿ ಡಾಂಬರು ಎಲ್ಲಿ ಮುಗಿಯಿತು, ರಸ್ತೆಯಿಲ್ಲದ ಕಡೆ ಎಲ್ಲಿ ಶುರುವಾಯಿತು ಎಂಬುದನ್ನು ಖಚಿತವಾಗಿ ಹೇಳುವುದು ಕಷ್ಟವಾದ್ದರಿಂದ, ಡೈರಿಗೆ ಹಾಲಿನ ಕ್ಯಾನು ಹೊತ್ತು ಹೋಗುವ ಗಾಡಿಯನ್ನೂ ಈ ವರ್ಗದಿಂದ ಹೊರಗಿಡಲು ಶಾಸ್ತ್ರೀಯವಾದ ಕಾರಣ ಯಾವುದೂ ಸಿಗುವುದಿಲ್ಲ.

ಇಂಥ ಗಾಡಿಗಳ ಸವಾರರಲ್ಲಿ ಎರಡು ಪಂಥಗಳಿವೆ: ಗೇರನ್ನು ತಾವೇ ಬದಲಿಸುವ ಮ್ಯಾನುಯಲ್‌ನವರು, ಅದನ್ನು ಗಾಡಿಗೇ ಬಿಡುವ ಆಟೊಮ್ಯಾಟಿಕ್‌ನವರು. ಮ್ಯಾನುಯಲ್ ಗೇರ್‌ಬಾಕ್ಸಿನ ತತ್ತ್ವ ಸರಳವಾದುದು. ಎಂಜಿನ್ನಿಗೂ ಹಿಂಚಕ್ರಕ್ಕೂ ನಡುವೆ ಕ್ಲಚ್ ಎಂಬ ಪ್ಲೇಟುಗಳ ಕಟ್ಟು ಇರುತ್ತದೆ. ಎಡಗೈ ಲಿವರನ್ನು ಹಿಡಿದಾಗ ಪ್ಲೇಟುಗಳು ಬೇರ್ಪಟ್ಟು ಎಂಜಿನ್ನಿನ ಬಲ ಚಕ್ರವನ್ನು ಮುಟ್ಟದೆ ನಿಲ್ಲುತ್ತದೆ, ಆ ಬಿಡುವಿನಲ್ಲಿ ಎಡಗಾಲು ಪೆಡಲನ್ನು ಒತ್ತಿಯೋ ಎತ್ತಿಯೋ ಗೇರು ಬದಲಿಸುತ್ತದೆ, ಮತ್ತೆ ಎಡಗೈ ಲಿವರನ್ನು ಬಿಡುತ್ತದೆ. ಪೂರ್ತಿ ಹಿಡಿಯದೆ ಪೂರ್ತಿ ಬಿಡದೆ ನಡುವೆ ತೂಗಿಸುವುದಕ್ಕೆ ಹಾಫ್ ಕ್ಲಚ್ ಎಂದು ಹೆಸರು. ದೇವರಮನೆ ಗುಡ್ಡದ ಏರಿನಲ್ಲಿ ಕೆಸರಿಗೆ ಸಿಕ್ಕಿದ ಗಾಡಿಯನ್ನು ಹಾಫ್ ಕ್ಲಚ್ಚಿನಲ್ಲೇ ಹತ್ತಿಸುವವರನ್ನು ಅವರ ಹಿಂದೆ ಗಾಳಿಯಲ್ಲಿ ತೇಲಿಬರುವ ಸುಟ್ಟ ಪ್ಲೇಟಿನ ವಾಸನೆಯಿಂದ ಗುರುತಿಸಬಹುದು. ಕಾಫಿ ಹೂವಿನ ಕಾಲದಲ್ಲೂ ಈ ವಾಸನೆ ಸೋಲುವುದಿಲ್ಲ. ಮ್ಯಾನುಯಲ್ ಪಂಥದವರು ತಮ್ಮ ಪರವಾಗಿ ದೊಡ್ಡ ಹೆಸರುಗಳನ್ನೇ ಮುಂದಿಡುತ್ತಾರೆ. ಡಕಾರ್ ರ‍್ಯಾಲಿಯನ್ನು 2015ರಲ್ಲಿ ಪೂರೈಸಿ, ಹಾಗೆ ಪೂರೈಸಿದ ಮೊದಲ ಭಾರತೀಯರೆನಿಸಿದ ಬೆಂಗಳೂರಿನ ಸಿ.ಎಸ್. ಸಂತೋಷ್ ಅವರು ಮರಳುಗಾಡು ದಾಟಿದ್ದು ಕ್ಲಚ್ ಲಿವರ್ ಇರುವ ಗಾಡಿಯಲ್ಲೇ ಎಂಬುದು ಈ ಪಂಥದ ವಾದ. ವಾದ ಸರಿಯಾದುದೇ, ಆದರೆ ಅದನ್ನು ಮಂಡಿಸುವವರು ಸಾಮಾನ್ಯವಾಗಿ ಹಾಸನದ ಬೈಪಾಸಿನಲ್ಲಿ ಎರಡು ಸಲ ಕಾಫಿಗೆ ನಿಂತು ಬಂದವರಾಗಿರುತ್ತಾರೆ.

ಆಟೊಮ್ಯಾಟಿಕ್ ಪಂಥದ ಮುಖ್ಯ ಆಧಾರ ಹೋಂಡಾ ಕಂಪನಿಯ ಡಿಸಿಟಿ, ಅಂದರೆ ಜೋಡಿ ಕ್ಲಚ್ಚಿನ ಗೇರ್‌ಬಾಕ್ಸ್. ಇದರಲ್ಲಿ ಒಂದು, ಮೂರು, ಐದನೆಯ ಗೇರುಗಳಿಗೆ ಒಂದು ಕ್ಲಚ್, ಎರಡು, ನಾಲ್ಕು, ಆರನೆಯ ಗೇರುಗಳಿಗೆ ಇನ್ನೊಂದು ಕ್ಲಚ್ ಇದ್ದು, ಒಂದು ಗೇರಿನಲ್ಲಿ ಗಾಡಿ ಓಡುತ್ತಿರುವಾಗಲೇ ಮುಂದಿನದು ಸಿದ್ಧವಾಗಿ ಕಾದಿರುತ್ತದೆ. ಕೊಟ್ಟಿಗೆಹಾರದ ಅಡುಗೆಮನೆಯಲ್ಲಿ ಎರಡು ಕಾವಲಿ ಇಟ್ಟುಕೊಂಡವರು ಒಂದರ ಮೇಲಿನ ನೀರುದೋಸೆ ಮಡಿಸುವ ಹೊತ್ತಿಗೆ ಇನ್ನೊಂದಕ್ಕೆ ಹಿಟ್ಟು ಹೊಯ್ದಿರುವಂತೆ, ಇಲ್ಲಿಯೂ ನಡುವೆ ಕಾಯುವ ಕೆಲಸವಿಲ್ಲ. 2010ರಲ್ಲಿ ವಿಎಫ್‌ಆರ್ 1200 ಎಂಬ ರಸ್ತೆಯ ಗಾಡಿಯೊಡನೆ ಮಾರುಕಟ್ಟೆಗೆ ಬಂದ ಈ ವ್ಯವಸ್ಥೆ 2016ರಲ್ಲಿ ಸಾಹಸ ವರ್ಗದ ಆಫ್ರಿಕಾ ಟ್ವಿನ್‌ಗೂ ಬಂತು. 2017ರಲ್ಲಿ ಹರಿಯಾಣದ ಮಾನೇಸರಿನಲ್ಲಿ ಜೋಡಿಸಿ ಭಾರತದಲ್ಲಿ ಮಾರಲು ತೊಡಗಿದಾಗ ಆಫ್ರಿಕಾ ಟ್ವಿನ್ ದೊರೆಯುತ್ತಿದ್ದುದು ಡಿಸಿಟಿ ರೂಪದಲ್ಲಿ ಮಾತ್ರ. ಅಂದರೆ ದೆಹಲಿ ಷೋರೂಮಿನ ಲೆಕ್ಕದಲ್ಲಿ 12.9 ಲಕ್ಷ ರೂಪಾಯಿ ತೆತ್ತವನಿಗೂ ತನ್ನ ಎಡಗಾಲಿಗೆ ಕೆಲಸ ಕೊಡಿಸುವ ಅವಕಾಶವಿರಲಿಲ್ಲ. 2024ರಲ್ಲಿ ಬಿಎಂಡಬ್ಲ್ಯು ಕಂಪನಿ ತನ್ನ 1300 ಜಿಎಸ್ ಗಾಡಿಗಳಿಗೆ ಪ್ರಕಟಿಸಿದ ವ್ಯವಸ್ಥೆಯಲ್ಲಿ ಕ್ಲಚ್ ಲಿವರ್ ಹೋಯಿತು, ಕಾಲಿನ ಪೆಡಲು ಉಳಿಯಿತು; ಆದರೆ ಆ ಪೆಡಲಿಗೂ ಗೇರಿಗೂ ನೇರ ಸಂಬಂಧವಿಲ್ಲ, ಅದು ಸವಾರನ ಅಭಿಪ್ರಾಯವನ್ನು ಕಂಪ್ಯೂಟರಿಗೆ ತಿಳಿಸುತ್ತದೆ, ಉಳಿದದ್ದನ್ನು ಕಂಪ್ಯೂಟರು ನೋಡಿಕೊಳ್ಳುತ್ತದೆ. ನಿವೃತ್ತರಾದ ಯಜಮಾನರನ್ನು ತೋಟದ ಲೆಕ್ಕಕ್ಕೆ ಸಹಿ ಹಾಕಲು ಕರೆಯುವ ಮನೆಗಳಲ್ಲಿ ಈ ಏರ್ಪಾಡು ಯಾರಿಗೂ ಹೊಸದೆನಿಸದು.

ಜರ್ಮನಿ, ಜಪಾನುಗಳ ಈ ಸಾಧನೆಯ ಮುಂದೆ ಕನ್ನಡಿಗರು ಬೆರಗಾಗಿ ನಿಲ್ಲಬೇಕಾದ ಅಗತ್ಯವಿಲ್ಲ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾಗಳನ್ನೂ ಮುಂದೆ ಯೆಜ್ಡಿಗಳನ್ನೂ ತಯಾರಿಸಿ 1996ರಲ್ಲಿ ಬಾಗಿಲು ಹಾಕಿತು. ಆ ಗಾಡಿಗಳ ಎಡಬದಿಯಲ್ಲಿ ಇದ್ದುದು ಒಂದೇ ಲಿವರ್. ಅದನ್ನು ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್, ಕೆಳಗಿಳಿಸಿದರೆ ಗೇರು. ಗೇರಿನ ಲಿವರನ್ನು ಕಾಲಿನಿಂದ ಒತ್ತಿದೊಡನೆ ಕ್ಲಚ್ ತಾನಾಗಿಯೇ ಬಿಡುತ್ತಿದ್ದುದರಿಂದ, ಗಾಡಿ ಒಮ್ಮೆ ಹೊರಟ ಮೇಲೆ ಕೈಯ ಲಿವರನ್ನು ಮುಟ್ಟದೆಯೇ ಗೇರು ಬದಲಿಸಬಹುದಾಗಿತ್ತು. ಅರೆ ಆಟೊಮ್ಯಾಟಿಕ್ ಎನ್ನಬಹುದಾದ ಈ ಸೌಲಭ್ಯದ ಬಗ್ಗೆ ಆಗ ಯಾರೂ ಪಂಥ ಕಟ್ಟಲಿಲ್ಲ. ಹೊಗೆ ಹೆಚ್ಚಾಯಿತೆಂದೂ ಪೆಟ್ರೋಲು ಕುಡಿಯುತ್ತದೆಂದೂ ಬೈದುಕೊಂಡೇ ಓಡಿಸಿದರು. 2022ರಲ್ಲಿ ಯೆಜ್ಡಿ ಎಂಬ ಹೆಸರು ಮತ್ತೆ ಬಂದಾಗ ಅದರಲ್ಲಿ ಅಡ್ವೆಂಚರ್ ಎಂಬ ಮಾದರಿಯೇ ಒಂದಿತ್ತು, ಮತ್ತು ಅದರ ಗೇರ್‌ಬಾಕ್ಸ್ ಆರು ಗೇರಿನ ಅಪ್ಪಟ ಮ್ಯಾನುಯಲ್.

ಪೂರ್ಣ ಆಟೊಮ್ಯಾಟಿಕ್ ಸಾಹಸ ವಾಹನವೂ ಈ ಗುಡ್ಡಗಳಿಗೆ ಹಳೆಯದೇ. ಟಿವಿಎಸ್ ಎಕ್ಸ್‌ಎಲ್ ಎಂಬ ಮೊಪೆಡ್ಡಿನಲ್ಲಿ ಗೇರು ಒಂದೇ. ಎಂಜಿನ್ನಿನ ಸುತ್ತು ಹೆಚ್ಚಿದಂತೆ ತಿರುಗುವ ರಭಸಕ್ಕೆ ಹೊರಚಾಚಿ ತಾನೇ ಹಿಡಿದುಕೊಳ್ಳುವ ಸೆಂಟ್ರಿಫ್ಯೂಗಲ್ ಕ್ಲಚ್ ಅದರಲ್ಲಿರುತ್ತದೆ. ಮೀನಿನ ಪೆಟ್ಟಿಗೆ, ಗೊಬ್ಬರದ ಮೂಟೆ, ಬಾಳೆಗೊನೆ ಯಾವುದನ್ನೂ ಅದು ಬೇಡವೆಂದದ್ದಿಲ್ಲ. 99.7 ಸಿಸಿಯ ಈಗಿನ ಎಕ್ಸ್‌ಎಲ್ ನೂರು ಕಿಲೋಗೂ ಕಡಿಮೆ ತೂಗುತ್ತದೆ; ಡಿಸಿಟಿಯ ಮೊದಲ ಆಫ್ರಿಕಾ ಟ್ವಿನ್ ಸುಮಾರು 245 ಕಿಲೋ. ಚರಂಡಿಗೆ ಬಿದ್ದ ಎಕ್ಸ್‌ಎಲ್ಲನ್ನು ಅದರ ಯಜಮಾನ ಒಬ್ಬನೇ ಎತ್ತಿ ನಿಲ್ಲಿಸಿ ಮೀನು ಎಣಿಸಿಕೊಳ್ಳುತ್ತಾನೆ; ಎರಡನೆಯದು ಬಿದ್ದರೆ ಬಸ್ಸು ನಿಲ್ಲಿಸಿ ಜನ ಕರೆಯಬೇಕಾಗುತ್ತದೆ. ಎಡಗೈ ಬಿಡುವಾದುದರ ನಿಜವಾದ ಬೆಲೆಯನ್ನು ಅರಿತವನೂ ಎಕ್ಸ್‌ಎಲ್ ಸವಾರನೇ. ಆಷಾಢದ ಮಳೆಯಲ್ಲಿ ಬಲಗೈಯಲ್ಲಿ ಆಕ್ಸಿಲರೇಟರು, ಎಡಗೈಯಲ್ಲಿ ಬಿಚ್ಚಿದ ಕೊಡೆ ಹಿಡಿದು ಸಾಗುವ ಆತನ ಭಂಗಿ ಕಾನೂನಿಗೂ ಬುದ್ಧಿಗೂ ಒಪ್ಪುವಂಥದ್ದಲ್ಲವಾದರೂ, ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಉಪಯೋಗವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ಜಾಹೀರಾತು ಯಾವ ಕಂಪನಿಯಿಂದಲೂ ಬಂದಿಲ್ಲ. ಇಂಥವರೇ ಹೋಟೆಲಿನ ಮುಂದೆ ಡಿಸಿಟಿ ಗಾಡಿಯನ್ನು ಸುತ್ತು ಬಂದು, ಕ್ಲಚ್ ಇಲ್ಲದಿರುವುದನ್ನು ಗಮನಿಸಿ, "ನಮ್ಮ ಎಕ್ಸ್‌ಎಲ್‌ನ ಹಾಗೇ ಅಲ್ವಾ ಸಾರ್, ಎಷ್ಟು ಕೊಡ್ತದೆ ಲೀಟರಿಗೆ?" ಎಂದು ಕೇಳಿದಾಗ, ಲಕ್ಷಗಟ್ಟಲೆ ಕೊಟ್ಟವರ ಮುಖದಲ್ಲಿ ಮೂಡುವ ಭಾವ ನೋಡತಕ್ಕದ್ದು.

ಎಡಗಾಲಿನ ವಿಷಯದಲ್ಲಿ ಮಲೆನಾಡಿಗೆ ತನ್ನದೇ ಆದ ಇನ್ನೊಂದು ತಕರಾರಿದೆ. ತೋಟದ ಕೆಲಸಕ್ಕೆ ಮಳೆಗಾಲದಲ್ಲಿ ಗಂಬೂಟು ಬೇಕು. ಗಂಬೂಟಿನ ಮೂತಿ ಗೇರಿನ ಪೆಡಲಿನ ಕೆಳಗೆ ತೂರುವುದಿಲ್ಲ. ಹಿಮ್ಮಡಿಯಿಂದಲೂ ಒತ್ತಬಹುದಾದ ಎರಡು ತುದಿಯ ಪೆಡಲು ಸಾಮಾನ್ಯ ಬೈಕುಗಳಲ್ಲಿ ಇರುವುದರಿಂದ ಊರಿನವರು ಬಚಾವಾಗಿದ್ದಾರೆ. ಸಾಹಸ ಬೈಕುಗಳಿಗೆ ಮಾತ್ರ ಒಂದೇ ತುದಿಯ ಪೆಡಲನ್ನು ಕೊಡುವುದು ರೂಢಿ. ಇದರ ಮೇಲೆ ಗಂಬೂಟಿನೊಳಗೆ ಒಂದು ಇಂಬಳ ಸೇರಿದೆಯೆಂದಾದರೆ, ನಿರುದ್ಯೋಗಿ ಎಡಗಾಲು ಎಂಥ ಭಾಗ್ಯವೆಂಬುದು ಕಟ್ಟಾ ಮ್ಯಾನುಯಲ್‌ವಾದಿಗೂ ಮನವರಿಕೆಯಾಗುತ್ತದೆ.

ಹಾಗೆಂದು ತೀರ್ಪು ಒಂದೇ ಕಡೆಗೆ ವಾಲುವುದಿಲ್ಲ. ಚಾರ್ಮಾಡಿಯಲ್ಲಿ ಇಳಿಯುವ ಗಾಡಿಯನ್ನು ಬ್ರೇಕಿಗಿಂತ ಹೆಚ್ಚಾಗಿ ತಡೆಯಬೇಕಾದದ್ದು ಎಂಜಿನ್ನು. ಕೆಳಗಿನ ಗೇರಿನಲ್ಲಿ ಆಕ್ಸಿಲರೇಟರು ಬಿಟ್ಟಾಗ ಎಂಜಿನ್ನೇ ಚಕ್ರವನ್ನು ಹಿಂದಕ್ಕೆ ಜಗ್ಗುವುದನ್ನು ಎಂಜಿನ್ ಬ್ರೇಕಿಂಗ್ ಎನ್ನುತ್ತಾರೆ. ಡಿಸಿಟಿಯನ್ನು ಅದರ ಪಾಡಿಗೆ ಬಿಟ್ಟರೆ ಪೆಟ್ರೋಲು ಉಳಿಸುವ ಉತ್ಸಾಹದಲ್ಲಿ ಬೇಗಬೇಗನೆ ಮೇಲಿನ ಗೇರಿಗೆ ಹತ್ತುತ್ತದೆ, ಆದ್ದರಿಂದ ಇಳಿಜಾರಿನಲ್ಲಿ ಸವಾರ ಎಡಗೈಯ ಗುಂಡಿ ಒತ್ತಿ ಅದನ್ನು ಕೆಳಗಿಳಿಸಬೇಕು. ಮೊಪೆಡ್ಡು, ಸ್ಕೂಟರುಗಳಲ್ಲಿ ವೇಗ ತೀರ ತಗ್ಗಿದಾಗ ಕ್ಲಚ್ ಬಿಟ್ಟುಕೊಂಡು ಎಂಜಿನ್ನಿನ ಹಿಡಿತವೇ ತಪ್ಪುತ್ತದೆ. 2019ರ ಆಗಸ್ಟಿನ ಮಳೆಯಲ್ಲಿ ಗುಡ್ಡ ಕುಸಿದು ವಾಹನ ಸಂಚಾರವೇ ನಿಂತಿದ್ದ ಈ ಘಾಟಿಯಲ್ಲಿ, ಮಂಜು ಕವಿದ ತಿರುವಿನಲ್ಲಿ ಮುಂದಿನ ಬಸ್ಸಿನ ಹಿಂದೀಪ ಹತ್ತು ಮಾರು ದೂರದಲ್ಲಿ ಕಂಡಾಗ, ಎರಡನೆಯ ಗೇರು ಎಡಗಾಲಿನ ಕೆಳಗೇ ಇದೆಯೆಂಬ ಭರವಸೆ ಸಣ್ಣದಲ್ಲ. ಆದ್ದರಿಂದ ಹತ್ತುವುದಕ್ಕೆ ಆಟೊಮ್ಯಾಟಿಕ್, ಇಳಿಯುವುದಕ್ಕೆ ಮ್ಯಾನುಯಲ್ ಎಂದು ಹೇಳುವುದು ನ್ಯಾಯವಾದ ತೀರ್ಪಾಗುತ್ತದೆ; ಹತ್ತಿದವರೇ ಇಳಿಯಬೇಕಾಗಿ ಬರುವುದೊಂದೇ ಅದರ ದೋಷ.

ಬ್ಯಾಟರಿ ಸತ್ತಾಗ ವ್ಯತ್ಯಾಸ ಇನ್ನೂ ನಿಚ್ಚಳವಾಗುತ್ತದೆ. ಮ್ಯಾನುಯಲ್ ಗಾಡಿಯನ್ನು ಎರಡನೆಯ ಗೇರಿಗೆ ಹಾಕಿ, ಕ್ಲಚ್ ಹಿಡಿದು, ಇಳಿಜಾರಿನಲ್ಲಿ ಓಡಲು ಬಿಟ್ಟು ಥಟ್ಟನೆ ಕ್ಲಚ್ ಬಿಟ್ಟರೆ ಸಾಮಾನ್ಯವಾಗಿ ಸ್ಟಾರ್ಟಾಗುತ್ತದೆ. ಇಳಿಜಾರಿಗೆ ಬಡತನವಿಲ್ಲದ ನಾಡಿನಲ್ಲಿ ಇದು ಪುಕ್ಕಟೆ ಸೇವೆ. ಡಿಸಿಟಿಯನ್ನು ಕೊಟ್ಟಿಗೆಹಾರದಿಂದ ಚಾರ್ಮಾಡಿ ಊರಿನವರೆಗೆ ಉರುಳಿಸಿದರೂ ಅದು ಮಾತಾಡುವುದಿಲ್ಲ. ನಿಲ್ಲಿಸುವಾಗಲೂ ಇದೇ ಕಥೆ: ಮ್ಯಾನುಯಲ್ ಗಾಡಿ ಮೊದಲನೆಯ ಗೇರಿನಲ್ಲಿ ಇಳಿಜಾರನ್ನು ಕಚ್ಚಿ ನಿಲ್ಲುತ್ತದೆ, ಡಿಸಿಟಿ ಎಂಜಿನ್ ಆರಿಸಿದೊಡನೆ ನ್ಯೂಟ್ರಲ್ಲಿಗೆ ಬರುವುದರಿಂದ ಅದಕ್ಕೆ ಪಾರ್ಕಿಂಗ್ ಬ್ರೇಕಿನ ಲಿವರನ್ನು ಬೇರೆಯಾಗಿ ಕೊಟ್ಟಿದ್ದಾರೆ, ಎಕ್ಸ್‌ಎಲ್ಲಿಗೆ ಕಲ್ಲು ಇಡುತ್ತಾರೆ. ಪಾರ್ಕಿಂಗ್ ಬ್ರೇಕನ್ನು ನಂಬದೆ ಲಕ್ಷಗಟ್ಟಲೆ ಬೆಲೆಯ ಗಾಡಿಗೂ ಕಲ್ಲು ಇಡುವವರು ಉಂಟು, ಅವರ ವಿವೇಕವನ್ನು ಹಳಿಯುವಂತಿಲ್ಲ. ಓದುಗರಲ್ಲಿ ವಿನಂತಿ ಇಷ್ಟೇ: ಗೇರ್‌ಬಾಕ್ಸ್ ಯಾವ ಪಂಥದ್ದಾದರೂ ಇರಲಿ, ದೋಸೆ ತಿಂದು ಹೊರಡುವಾಗ ಚಕ್ರಕ್ಕೆ ಕೊಟ್ಟ ಕಲ್ಲನ್ನು ರಸ್ತೆಯಿಂದ ಆಚೆ ಸರಿಸಿ ಹೋಗಬೇಕು, ಏಕೆಂದರೆ ಹಿಂದಿನಿಂದ ಮಂಜಿನಲ್ಲಿ ಬರುತ್ತಿರುವವನು ಕೊಡೆ ಹಿಡಿದಿರುತ್ತಾನೆ.