ಹುಸ್ಸರ್ಲ್ ಸಾಹೇಬರ ಸ್ಟೆನೋ

ನಮ್ಮ ಯಜಮಾನರು ತತ್ತ್ವಶಾಸ್ತ್ರದ ಇತಿಹಾಸಕಾರರು. ಅಂದರೆ, ಬೇರೆಯವರು ಯೋಚಿಸಿದ್ದನ್ನು ಯಾವಾಗ, ಯಾಕೆ ಯೋಚಿಸಿದರು ಎಂದು ಯೋಚಿಸಿ ಸಂಬಳ ತರುವವರು. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯ ಇವರನ್ನು ಸಂಶೋಧನೆಗೆ ಕರೆದಾಗ, ಸರ್ಕಾರಿ ಕಚೇರಿಯ ಸ್ಟೆನೋ ಕೆಲಸದಿಂದ ಆಗಷ್ಟೇ ನಿವೃತ್ತಳಾಗಿದ್ದ ನಾನೂ ಚಟ್ನಿಪುಡಿ ಡಬ್ಬಿಗಳೊಂದಿಗೆ ಬೆನ್ನುಹತ್ತಿದೆ.

ವಿಶ್ವವಿದ್ಯಾಲಯ 1425ರದ್ದು. ಆದರೆ 1968ರಲ್ಲಿ ಡಚ್–ಫ್ರೆಂಚ್ ಭಾಷಾ ಜಗಳದಲ್ಲಿ ಎರಡು ಹೋಳಾಯಿತು. ಗ್ರಂಥಾಲಯವನ್ನು ಹಂಚಿಕೊಂಡ ಚಂದವನ್ನು ಕೇಳಬೇಕು: ಬೆಸಸಂಖ್ಯೆಯ ಪುಸ್ತಕಗಳು ಇಲ್ಲೇ, ಸಮಸಂಖ್ಯೆಯವು ಫ್ರೆಂಚ್ ಭಾಷಿಕರ ಹೊಸ ಊರು ಲೂವೆನ್-ಲಾ-ನೂವ್‌ಗೆ! ಅಣ್ಣತಮ್ಮಂದಿರ ಪಾಲಿನಲ್ಲಿ ಒರಳು ಒಬ್ಬನಿಗೆ, ಗುಂಡು ಇನ್ನೊಬ್ಬನಿಗೆ ಹೋದಂತೆ. ಇವರಿಗೆ ಬೇಕಾದ ಪುಸ್ತಕಕ್ಕೆ ಸಮಸಂಖ್ಯೆ ಬಿತ್ತೆಂದರೆ ಆವತ್ತು ಬುತ್ತಿ ಕಟ್ಟಿ ರೈಲಿಗೆ ಕಳಿಸುತ್ತಿದ್ದೆ.

ಅಸಲಿಗೆ ಇವರು ಬಂದದ್ದು ಹುಸ್ಸರ್ಲ್ ಹಸ್ತಪ್ರತಿಗಳಿಗಾಗಿ. ಯಹೂದಿ ಮೂಲದ ಈ ಜರ್ಮನ್ ತತ್ತ್ವಜ್ಞಾನಿ 1938ರಲ್ಲಿ ಫ್ರೈಬುರ್ಗ್‌ನಲ್ಲಿ ತೀರಿಕೊಂಡಾಗ ಬಿಟ್ಟುಹೋದದ್ದು ಸುಮಾರು 40,000 ಪುಟ. ನಾತ್ಸಿಗಳ ಕೈಗೆ ಸಿಕ್ಕರೆ ಎಲ್ಲ ಒಲೆಗೆ. ವಾನ್ ಬ್ರೇಡಾ ಎಂಬ ತರುಣ ಪಾದ್ರಿ ಲ್ಯೂವೆನ್‌ನಿಂದ ಹೋಗಿ, ಸನ್ಯಾಸಿನಿಯರನ್ನೂ ಬೆಲ್ಜಿಯಂ ರಾಯಭಾರ ಕಚೇರಿಯನ್ನೂ ಒಪ್ಪಿಸಿ, ಸೂಟ್‌ಕೇಸುಗಳಲ್ಲಿ ತುಂಬಿ ಗಡಿ ದಾಟಿಸಿದ.

ಇಷ್ಟೆಲ್ಲ ಸಾಹಸದಿಂದ ಉಳಿದ ಪುಟವೊಂದರ ನಕಲನ್ನು ಇವರು ಒಂದು ಸಂಜೆ ಮನೆಗೆ ತಂದು ಭಕ್ತಿಯಿಂದ ಮೇಜಿನ ಮೇಲಿಟ್ಟರು. ನೋಡಿದರೆ ಶಾರ್ಟ್‌ಹ್ಯಾಂಡ್!

“ರೀ, ಇದು ನಮ್ಮ ಕಸುಬು!”

“ಇದು ಗಾಬೆಲ್ಸ್‌ಬರ್ಗರ್ ಪದ್ಧತಿ ಕಣೆ. ನಿನ್ನ ಪಿಟ್‌ಮನ್ ಅಲ್ಲ.”

ವಿಚಾರಿಸಿದೆ. ಗಾಬೆಲ್ಸ್‌ಬರ್ಗರ್ ಮ್ಯೂನಿಕ್‌ನ ಸರ್ಕಾರಿ ನೌಕರನಂತೆ. ಅಲ್ಲಿಗೆ ನಮ್ಮ ಪೈಕಿಯವನೇ ಆದ. ನಾವು ಗೆರೆ ತೆಳುವಾದರೆ ‘ಪ’, ದಪ್ಪವಾದರೆ ‘ಬ’ ಎನ್ನುತ್ತೇವೆ. ಸ್ವರಕ್ಕೆ ಚುಕ್ಕೆ, ಅವಸರದಲ್ಲಿ ಅದೂ ಇಲ್ಲ. ಇವನು ಅಕ್ಷರವನ್ನೇ ಮೇಲೇರಿಸಿ, ಕೆಳಗಿಳಿಸಿ, ಒತ್ತಿ ಬರೆದು ಸ್ವರ ಸೂಚಿಸುತ್ತಾನೆ. ಕೈ ಚೆನ್ನಾಗಿದೆ, ಒಪ್ಪಿದೆ. ಆದರೆ ನನ್ನ ಅನುಭವದಲ್ಲಿ, ಎರಡು ದಿನ ಹಳೆಯದಾದ ಶಾರ್ಟ್‌ಹ್ಯಾಂಡನ್ನು ಬರೆದವರೇ ಓದಲಾರರು. ನಲವತ್ತು ಸಾವಿರ ಪುಟ ಬರೆದಿಟ್ಟು ಹೋದವರ ಧೈರ್ಯ ದೊಡ್ಡದು.

ಓದಿ ಬಿಡಿಸಿದವರು ಯಾರು ಎಂದು ಕೇಳಿದೆ. ಸ್ಟೆನೋ ಕೇಳುವ ಪ್ರಶ್ನೆ ಅದೊಂದೇ. ಎಡಿತ್ ಸ್ಟೈನ್ ಎಂಬ, ಹುಸ್ಸರ್ಲ್ ಬಳಿಯೇ ಡಾಕ್ಟರೇಟ್ ಮಾಡಿದ ಹುಡುಗಿ 1916ರಿಂದ ಅವರ ಸಹಾಯಕಿಯಾಗಿ ಕೂತು ಪುಟಪುಟ ಬಿಡಿಸಿ, ಜೋಡಿಸಿ, ಅಚ್ಚಿಗೆ ಅಣಿಮಾಡಿಕೊಟ್ಟಳಂತೆ. ಸಾಹೇಬರು ಅದನ್ನು ತಿರುಗಿಯೂ ನೋಡದೆ ಹೊಸದನ್ನು ಬರೆಯುತ್ತ ಹೋದರು. ಟೈಪಾದ ಕಾಗದಕ್ಕೆ ಸಹಿ ಹಾಕದೆ ಇನ್ನೊಂದು ಡಿಕ್ಟೇಶನ್‌ಗೆ ಕರೆಯುವ ಸಾಹೇಬರ ಕೈಕೆಳಗೆ ನಾನೂ ಸವೆದವಳೇ. ನಾನು ಪಿಂಚಣಿಯವರೆಗೂ ಸಹಿಸಿದೆ. ಆಕೆ 1918ರಲ್ಲೇ ರಾಜೀನಾಮೆ ಬಿಸಾಕಿದಳು. ಭಲೆ!

ಕಾಲಪ್ರಜ್ಞೆಯ ಬಗ್ಗೆ ಹುಸ್ಸರ್ಲ್ ಮಾಡಿದ, ಆಕೆ ಅಣಿಮಾಡಿದ ಉಪನ್ಯಾಸಗಳು 1928ರಲ್ಲಿ ಅಚ್ಚಾದಾಗ ಸಂಪಾದಕನ ಜಾಗದಲ್ಲಿದ್ದ ಹೆಸರು ತತ್ತ್ವಜ್ಞಾನಿ ಮಾರ್ಟಿನ್ ಹೈಡೆಗರ್‌ನದು. ಅಧ್ಯಾಯ, ಪರಿಚ್ಛೇದಗಳ ವಿಂಗಡಣೆ ಆಕೆಯದು ಎಂದು ಅವನು ಮುನ್ನುಡಿಯಲ್ಲಿ ಹೇಳಿ ಮುಗಿಸಿದ. ಇದನ್ನು ಇವರು ತಮ್ಮ ಲೇಖನದಲ್ಲಿ ದೊಡ್ಡ ಅನ್ಯಾಯವೆಂದು ಖಂಡಿಸಿದ್ದರು. ಖಂಡಿಸಿ, ಕೈಬರಹದ ಹಾಳೆಗಳನ್ನು ನನ್ನ ಮುಂದೆ ಹಿಡಿದರು.

“ಸ್ವಲ್ಪ ಟೈಪ್ ಮಾಡಿಕೊಡ್ತೀಯೇನೇ?”

“ನನ್ನ ಹೆಸರು ಎಲ್ಲಿ ಬರತ್ತೆ?”

“ಅಡಿಟಿಪ್ಪಣಿಯಲ್ಲಿ ಒಂದು ವಾಕ್ಯ ಹಾಕ್ತೀನಿ.”

“ಹೈಡೆಗರ್ ಮುನ್ನುಡಿಯಲ್ಲಾದರೂ ಹಾಕಿದ್ದನಲ್ಲ ರೀ!”

ಇವರು ಮಾತಾಡದೆ ಲ್ಯಾಪ್‌ಟಾಪ್ ಎಳೆದುಕೊಂಡು ಎರಡು ಬೆರಳಲ್ಲಿ ಕುಟ್ಟತೊಡಗಿದರು.