ಡ್ರ್ಯಾಗನ್‌ಗೊಂದು ಅಹವಾಲು ಸಭೆ

ಬೆಂಕಿ ಉಗುಳುವ ಪ್ರಾಣಿಗೆ ಎಷ್ಟು ಬಲ ಕೊಟ್ಟರೆ ನ್ಯಾಯ ಎಂಬ ತಗಾದೆ ಅಮೆರಿಕದಲ್ಲಿ ಐವತ್ತು ವರ್ಷದಿಂದ ನಡೆದಿದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ತಂದರು. ಟೇಬಲ್ ಸುತ್ತ ನಾಲ್ಕೈದು ಜನ ಕೂತು, ಒಬ್ಬ ಯೋಧ, ಒಬ್ಬ ಕಳ್ಳ, ಒಬ್ಬ ಮಂತ್ರವಾದಿ ಎಂದು ವೇಷ ಹಂಚಿಕೊಂಡು, ಇಪ್ಪತ್ತು ಮುಖದ ದಾಳ ಉರುಳಿಸುತ್ತ ಕಥೆ ಕಟ್ಟುವುದು. ವೇಷಕ್ಕೆ ಅವರು ಕ್ಲಾಸ್ ಅನ್ನುತ್ತಾರೆ. ನಡುವೆ ಒಬ್ಬ ‘ನಾನು ಡ್ರ್ಯಾಗನ್’ ಅಂದನೋ, ಜಗಳ ಶುರು. ಅವನೊಬ್ಬನೇ ಎಲ್ಲರನ್ನೂ ಸುಟ್ಟು ಬಂದರೆ ಉಳಿದವರು ಚುರುಮುರಿ ತಿನ್ನುತ್ತ ಕೂರಬೇಕೇ?

ಆದ್ದರಿಂದ ಕಟ್ಟುಪಾಡು. 2014ರ ನಿಯಮಪುಸ್ತಕದ ಪ್ರಕಾರ ಡ್ರ್ಯಾಗನ್ ವಂಶದವನು ಒಮ್ಮೆ ಉಗುಳಿದ ಮೇಲೆ ಕನಿಷ್ಠ ಒಂದು ತಾಸು ವಿಶ್ರಾಂತಿ ತೆಗೆದುಕೊಳ್ಳಬೇಕು. ಅಲ್ಲಿಯವರೆಗೆ ಬಾಯಿ ಬಂದ್. ಉಗುಳು ಹರಡಿಕೊಂಡು ಹೋದರೆ 15 ಅಡಿ, ಗೆರೆ ಎಳೆದಂತೆ ಹೋದರೆ 30 ಅಡಿ. ಎದುರಿಗಿದ್ದವನ ದಾಳ ಚೆನ್ನಾಗಿ ಬಿದ್ದರೆ ಅರ್ಧ ಪೆಟ್ಟು ಮಾಫಿ; ಅದಕ್ಕೆ ‘ಸೇವಿಂಗ್ ಥ್ರೋ’ ಅನ್ನುತ್ತಾರೆ. ಇಷ್ಟಾದರೂ ‘ಬ್ಯಾಲೆನ್ಸ್ ಆಗಿಲ್ಲ’ ಎಂದು ಕೊರಗುವವರಿದ್ದಾರೆ. ಪುಣ್ಯವಂತರು.

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದವನು. ದಸರೆಗೆ ಸೇಡಂಗೆ ಬಂದಾಗ ತಾನೇ ಬರೆದ ಡ್ರ್ಯಾಗನ್ ಕ್ಲಾಸಿನ ಹಾಳೆಗಳನ್ನು ಮುಂದಿಟ್ಟ. ‘ಮಾಮಾ, ಇದು ಬ್ಯಾಲೆನ್ಸ್ ಅದ ಏನು, ನೋಡ್ರಿ.’ ನನಗೇನು ಗೊತ್ತಾಗಬೇಕು? ಆದರೆ ಬೆಂಕಿ ಉಗುಳುವುದರ ಪಕ್ಕದಲ್ಲೇ ಹುಟ್ಟಿ ಬೆಳೆದ ತಜ್ಞರು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಬೇಕಾದಷ್ಟು ಸಿಗುತ್ತಾರೆ. ವಾಡಿಯ ಚಹಾದಂಗಡಿಯಲ್ಲಿ ಅವನನ್ನು ಕೂರಿಸಿ, ಓದು ಅಂದೆ.

ಮೊದಲ ನಿಯಮಕ್ಕೇ ನಗು. ‘ಒಂದ್ ತಾಸು ರೆಸ್ಟಾ?’ ಎಂದ ಒಬ್ಬ ಮುತ್ಯಾ. ‘ಇದೆಂಥಾ ಡ್ರ್ಯಾಗನ್‌ಪಾ, ಸರಕಾರಿ ಆಫೀಸಿಂದಾ?’

ಅವರ ಲೆಕ್ಕ ಬೇರೆ. ಅವರು ಕಂಡ ಡ್ರ್ಯಾಗನ್ ಸಿಮೆಂಟ್ ಕಾರ್ಖಾನೆಯ ಕುಲುಮೆ: ಉಕ್ಕಿನ ಉದ್ದ ಕೊಳವೆ, ತುಸು ಓರೆಯಾಗಿ ಮಲಗಿ ನಿಮಿಷಕ್ಕೆ ಮೂರು-ನಾಲ್ಕು ಸುತ್ತು ಹೊರಳುತ್ತದೆ. ಹೊಟ್ಟೆಯಲ್ಲಿ ಕಲ್ಲಿದ್ದಲ ಬೆಂಕಿ. ಸುಣ್ಣದಕಲ್ಲು 1450 ಡಿಗ್ರಿಯವರೆಗೆ ಕಾದು, ಅರೆದರೆ ಸಿಮೆಂಟಾಗುವ ಕ್ಲಿಂಕರ್ ಆಗಿ ಹೊರಬೀಳಬೇಕು. ಹಗಲು-ರಾತ್ರಿ, ಹಬ್ಬ-ಹುಣ್ಣಿಮೆ ಎಂಬುದಿಲ್ಲ. ಒಳಗಿನ ಇಟ್ಟಿಗೆ ಸವೆದಾಗ ‘ಶಟ್‌ಡೌನ್’ ಅಂತ ಮಾಡುತ್ತಾರೆ, ಅಷ್ಟೇ ಅದರ ನಿದ್ದೆ. ನೂರು ಕಿಲೋ ಶುದ್ಧ ಸುಣ್ಣದಕಲ್ಲು ಸುಟ್ಟರೆ ನಲವತ್ನಾಲ್ಕು ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಆಕಾಶಕ್ಕೆ ಹೋಗುತ್ತದೆ. ಇದ್ದಲಿನ ಹೊಗೆ ಅದರ ಮೇಲೆ ಕೊಸರು.

‘ಮತ್ತ ಹದಿನೈದು ಅಡಿ ಅಂದ್ಯಲ್ಲ,’ ಎಂದ ಇನ್ನೊಬ್ಬ, ‘ಹದಿನೈದು ಅಡಿಗಿ ನಮ್ಮಲ್ಲಿ ಕಾಂಪೌಂಡೂ ಮುಗಿಯಂಗಿಲ್ಲ.’ ಚಿಮಣಿಗೆ ಅಳತೆಯ ಯಂತ್ರ ಕೂರಿಸಿದ್ದಾರೆ, ಮಿತಿಯೂ ಇದೆ. ತೊಗರಿ ಎಲೆಗೆ ಯಂತ್ರ ಕೂರಿಸಿಲ್ಲ. ಕಲಬುರಗಿ ತೊಗರಿಗೆ ಭೌಗೋಳಿಕ ಸೂಚಿಕೆಯ ಗೌರವ ಸಿಕ್ಕಿದೆ. ಹೂ ಬಿಡುವ ಕಾಲಕ್ಕೆ ಲಾರಿ ಓಡಾಡುವ ರಸ್ತೆಯ ಬದಿಗೆ ಹೋಗಿ ಒಂದು ಟೊಂಗೆ ಜಾಡಿಸಿದರೆ ಆ ಗೌರವ ಬೂದು ಬಣ್ಣದಲ್ಲಿ ಅಂಗೈಗೆ ಬರುತ್ತದೆ.

ಹುಡುಗ ಪಟ್ಟು ಬಿಡಲಿಲ್ಲ. ‘ಆದ್ರ ಎದುರಿನವರಿಗೆ ದಾಳ ಹಾಕೋ ಚಾನ್ಸ್ ಅದ ಅಲ್ರಿ?’

ಇದೆ, ಯಾಕಿಲ್ಲ? 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲೇ ಬರೆದಿದೆ. ಅದಕ್ಕೆ ಸಾರ್ವಜನಿಕ ಅಹವಾಲು ಸಭೆ ಎಂದು ಹೆಸರು. ಮೂವತ್ತು ದಿನ ಮೊದಲು ನೋಟಿಸು, ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹೆಚ್ಚುವರಿ ಜಿಲ್ಲಾಧಿಕಾರಿಗಿಂತ ಕಡಿಮೆಯಲ್ಲದವರ ಅಧ್ಯಕ್ಷತೆ, ಶಾಮಿಯಾನ, ಕುರ್ಚಿ, ನೀರಿನ ಬಾಟಲಿ. ಡ್ರ್ಯಾಗನ್ನಿಂದ ಊರಿಗೆ ಎಷ್ಟು ಪೆಟ್ಟಾದೀತು ಎಂದು ವರದಿ ಬರೆಯುವ ಸಲಹೆಗಾರ ಸಂಸ್ಥೆಗೆ ಫೀ ಕೊಡುವುದು ಡ್ರ್ಯಾಗನ್ನೇ. ಸಭೆ ಶುರುವಾಗಲು ಇಂತಿಷ್ಟು ಜನ ಇರಲೇಬೇಕು ಎಂಬ ಕೋರಂ ಇಲ್ಲ. ಇಲ್ಲ ಎಂದು ಅಧಿಸೂಚನೆಯೇ ಸ್ಪಷ್ಟವಾಗಿ ಹೇಳುತ್ತದೆ. ಮತ ಹಾಕುವುದಿಲ್ಲ. ಅಂದದ್ದನ್ನು ಬರೆದುಕೊಂಡು, ವಿಡಿಯೊ ಮಾಡಿಕೊಂಡು, ಮೇಲಕ್ಕೆ ಕಳಿಸುತ್ತಾರೆ. ದಾಳ ಉರುಳುವುದು ಅಲ್ಲಿ, ಮೇಲೆ. ಯಾವ ಮುಖ ಬಿತ್ತು ಎಂದು ನಮಗೆ ಕಾಗದ ಬರುತ್ತದೆ.

‘ಇದು ಸೇವಿಂಗ್ ಥ್ರೋ ಅಲ್ಲ ಮಾಮಾ,’ ಎಂದ ಅಳಿಯ, ಸ್ವಲ್ಪ ಪೆಚ್ಚಾಗಿ.

ಡ್ರ್ಯಾಗನ್ ತೆರುವ ಬೆಲೆಯನ್ನೂ ನೋಡಬೇಕಲ್ಲ, ಒಂದೇ ಕಡೆಯ ಮಾತು ಕೇಳಿ ತೀರ್ಪು ಕೊಡಬಾರದು. ಸುಣ್ಣದಕಲ್ಲಿಗೆ ಟನ್ನಿಗೆ 80 ರೂಪಾಯಿ ರಾಜಧನ. ಒಂದು ಟನ್ ಕ್ಲಿಂಕರಿಗೆ ಸುಮಾರು ಒಂದೂವರೆ ಟನ್ ಕಲ್ಲು ಅಂದರೆ, ಐವತ್ತು ಕಿಲೋ ಸಿಮೆಂಟಿನ ಚೀಲಕ್ಕೆ ಹೆಚ್ಚೆಂದರೆ ಆರು ರೂಪಾಯಿ. ಚೀಲವನ್ನು ನೀವು ಎಷ್ಟಕ್ಕೆ ಕೊಂಡಿರಿ ಎಂಬುದು ಮನೆ ಕಟ್ಟಿಸಿದವರಿಗೆ ಗೊತ್ತು. 2015ರ ಗಣಿ ಕಾಯ್ದೆ ತಿದ್ದುಪಡಿ ಬಂದ ಮೇಲೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಪಾಲಿದೆ: ಹಳೆಯ ಗಣಿ ಗುತ್ತಿಗೆಯಾದರೆ ರಾಜಧನದ ಶೇ. 30, ಹರಾಜಿನಲ್ಲಿ ಪಡೆದದ್ದಾದರೆ ಶೇ. 10. ಲಾಭದಲ್ಲಿ ಶೇ. 2 ಸಾಮಾಜಿಕ ಹೊಣೆಗಾರಿಕೆಗೆ. ಆ ದುಡ್ಡಿನಲ್ಲಿ ಶಾಲೆಯ ಗೋಡೆಗೆ ಬಣ್ಣ, ಮಕ್ಕಳಿಗೆ ನೋಟ್‌ಬುಕ್ಕು, ಎರಡಕ್ಕೂ ಸೇರಿ ಒಂದು ದೊಡ್ಡ ಬೋರ್ಡು.

ಬಲಾಬಲ ತೂಗುವ ವಿದ್ಯೆ ಈ ನೆಲಕ್ಕೆ ಹೊಸದೇನಲ್ಲ. ಶಹಾಬಾದಿ ಫರಸಿಯ ಮೇಲೆ ಗೆರೆ ಎಳೆದು ಆಡು-ಹುಲಿ ಆಡಿದವರಿಗೆ ಗೊತ್ತು: ಮೂರು ಹುಲಿ, ಹದಿನೈದು ಆಡು, ಹುಲಿ ಹಾರಿ ತಿನ್ನಬಹುದು, ಆಡು ತಿನ್ನಲಾರದು, ಆದರೆ ಆಡುಗಳು ಒಟ್ಟಾಗಿ ಅಡ್ಡ ನಿಂತರೆ ಹುಲಿ ಅಲ್ಲಾಡದೆ ಸೋಲುತ್ತದೆ. ಇನ್ನೂ ಹಿಂದಕ್ಕೆ ಹೋದರೆ ಚಿತ್ತಾಪುರ ತಾಲ್ಲೂಕಿನ ಸನ್ನತಿ. ಅಲ್ಲಿ ಸಿಕ್ಕ ಅಶೋಕನ ಶಾಸನಗಳಲ್ಲಿ, ನ್ಯಾಯ ನೋಡುವ ಅಧಿಕಾರಿಗಳು ಪಕ್ಷಪಾತ ಮಾಡಬಾರದು, ಸಿಟ್ಟು-ಸೋಮಾರಿತನ ಬಿಡಬೇಕು ಎಂದು ತಾಕೀತು ಮಾಡುವ ಶಾಸನವೂ ಒಂದು. ರೆಫರಿಗಳಿಗೆ ಬರೆದ ನಿಯಮಪುಸ್ತಕ, ಎರಡು ಸಾವಿರ ವರ್ಷಕ್ಕೂ ಹಳೆಯದು. ನಾವು ಅದನ್ನು ಹೇಗೆ ಕಾಪಾಡಿದೆವು ಅಂದರೆ, ನಡುವೆ ಚೌಕ ತೂತು ಕೊರೆದು ದೇವಿಯ ಮೂರ್ತಿಗೆ ಪೀಠ ಮಾಡಿದೆವು. 1986ರಲ್ಲಿ ಗುಡಿಯ ಛಾವಣಿ ಕುಸಿದಾಗಲೇ ಕಲ್ಲಿನ ಮೇಲೆ ಅಕ್ಷರ ಇದೆ ಅನ್ನುವುದು ಗೊತ್ತಾದದ್ದು. ಆಗಲೂ ಓದಿದವರು ಪ್ರಾಕ್ತನ ಇಲಾಖೆಯವರು, ಕಂದಾಯ ಇಲಾಖೆಯವರಲ್ಲ.

ಅಳಿಯ ಆ ರಾತ್ರಿ ಹಾಳೆಗಳನ್ನು ತಿದ್ದಿದ. ವಿಶ್ರಾಂತಿ ತೆಗೆದ. ಅಡಿಯ ಲೆಕ್ಕ ತೆಗೆದು ‘ಗಾಳಿ ಬಂದ ಕಡೆ’ ಎಂದು ಬರೆದ. ಪೆಟ್ಟಿನ ಲೆಕ್ಕ ಬರೆಯುವವನನ್ನು ಡ್ರ್ಯಾಗನ್ ಪಗಾರದ ಮೇಲೆ ಇಟ್ಟುಕೊಳ್ಳಬಹುದು ಎಂದು ಸೇರಿಸಿದ. ಪೆಟ್ಟು ತಿಂದವರಿಗೆ ನೋಟ್‌ಬುಕ್. ಬೆಂಗಳೂರಿನ ಗೆಳೆಯರಿಗೆ ಕಳಿಸಿದರೆ ಅವರು, ಇದು ಆಟವೇ ಅಲ್ಲ, ಇಂಥ ಟೇಬಲ್ಲಿಗೆ ನಾವು ಕೂರುವುದಿಲ್ಲ, ಎದ್ದು ಹೋಗುತ್ತೇವೆ ಅಂದರಂತೆ.

ಮರುದಿನ ಚಹಾದಂಗಡಿಯಲ್ಲಿ ಇದನ್ನು ಹೇಳಿದಾಗ ಮುತ್ಯಾ ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದ. ‘ಹೋಗ್ಲಿ ಬಿಡಪಾ. ಅವರ ಹೊಲ ಎಲ್ಲದ ಇಲ್ಲಿ? ಎದ್ದು ಹೋಗ್ತಾರ.’ ಒಂದು ಗುಟುಕು ಕುಡಿದು ಹುಡುಗನ ಕಡೆ ವಾಲಿದ. ‘ಅದಿರ್ಲಿ, ನಿನ್ನ ಡ್ರ್ಯಾಗನ್‌ದಾಗ ನಮ್ಮ ಮೊಮ್ಮಗಗ ಏನರ ಕೆಲಸ ಸಿಗ್ತದೇನು? ಐಟಿಐ ಪಾಸಾಗ್ಯಾನ. ಕಾಂಟ್ರ್ಯಾಕ್ಟ್ ಆದ್ರೂ ನಡೀತದ.’