ಎಂಡಿ ಹರ್ಷ ವ್ಯಕ್ತಪಡಿಸಿದರು

ಕ್ಲೈಂಟ್ ಎದುರು ಕೂತಾಗ ನಮ್ಮ ಪಿಆರ್ ಸಾಹೇಬರು ಪಕ್ಕಾ ಎಐ ಭಕ್ತರು. ಕೋರಮಂಗಲದ ಕಚೇರಿಯಲ್ಲಿ ಸ್ಲೈಡ್ ಮೇಲೆ ಸ್ಲೈಡ್ ಓಡಿಸಿ, ‘ನಮ್ಮಲ್ಲಿ ಎಲ್ಲಾ ಎಐ, ಸರ್’ ಎನ್ನುತ್ತಾರೆ. ತಿಂಗಳ ಕೊನೆಗೆ ಬಿಲ್ ಕಳಿಸುವಾಗ ಭಕ್ತಿ ಮಾಯ. ‘ಒಂದೊಂದು ಪದಾನೂ ನಮ್ಮ ಸೀನಿಯರ್ ಟೀಮ್ ಕೂತು ಬರೆದದ್ದು, ಸರ್.’ ಆ ಸೀನಿಯರ್ ಟೀಮ್ ಲೋಕಕ್ಕೆ ಕಾಲಿಟ್ಟದ್ದು 2022ರ ನವೆಂಬರ್ 30ರಂದು, ಹೆಸರು ಚಾಟ್‌ಜಿಪಿಟಿ.

ಮಾತಿಗೊಮ್ಮೆ ಅವರು ಐವಿ ಲೀ ಹೆಸರು ತರುತ್ತಾರೆ. 1906ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿ ಬಳಿ ರೈಲೊಂದು ಸೇತುವೆಯಿಂದ ನೀರಿಗೆ ಬಿದ್ದಾಗ, ನಡೆದದ್ದನ್ನು ರೈಲು ಕಂಪನಿಯ ಪರವಾಗಿ ತಾನೇ ಬರೆದು ಪತ್ರಿಕೆಗಳಿಗೆ ಕೊಟ್ಟ ಪುಣ್ಯಾತ್ಮ. ಆತ ರೈಲು ಬಿದ್ದ ಮೇಲೆ ಬರೆದ. ನಮ್ಮವರ ಲ್ಯಾಪ್‌ಟಾಪಿನಲ್ಲಿ ಇನ್ನೂ ಆಗದ ಅವಘಡಕ್ಕೂ ತೀವ್ರ ವಿಷಾದ ಸಿದ್ಧವಿದೆ.

ಎಂಡಿಗಳ ಹೇಳಿಕೆಯನ್ನು ಎಂಡಿಗಳು ಹೇಳುವ ಪದ್ಧತಿ ಹಿಂದೆಯೂ ಇರಲಿಲ್ಲ. ಅದು ಪಿಆರ್ ಕೃಪೆ. ಈಗ ಪಿಆರ್ ಕೂಡ ಬರೆಯುವುದಿಲ್ಲ, ಅಷ್ಟೇ. ಹಾಗಾಗಿ ಒಂದೇ ಸಂಜೆ ಇಬ್ಬರು ಬದ್ಧವೈರಿ ಎಂಡಿಗಳು ‘ಗ್ರಾಹಕರೇ ನಮ್ಮ ಪಯಣದ ಹೃದಯಬಡಿತ’ ಎಂದು ಏಕಕಂಠದಿಂದ ಹರ್ಷ ವ್ಯಕ್ತಪಡಿಸಿದರು. ಪತ್ರಿಕೆಯ ಡೆಸ್ಕಿನ ಉಪಸಂಪಾದಕ ಒಂದನ್ನು ಡಿಲೀಟ್ ಮಾಡಿದ. ಯಾವುದನ್ನು ಎಂದು ಅವನಿಗೂ ನೆನಪಿಲ್ಲ.

ಕನ್ನಡ ಪತ್ರಿಕೆಗಳ ಕಥೆಯೇ ಬೇರೆ. ‘ಯೂನಿಕೋಡ್ ನಮ್ಮ ಪೇಜಲ್ಲಿ ಕೂರಲ್ಲ, ನುಡಿ ಫಾಂಟಿನಲ್ಲಿ ಕಳಿಸಿ’ ಎಂದಿತು ಒಂದು ಡೆಸ್ಕ್. ಸಾಹೇಬರು ಯಂತ್ರಕ್ಕೆ ಹೇಳಿದರು. ‘ಖಂಡಿತ!’ ಎಂದು ಅದು ಪುಟದ ತುಂಬ ಪೌಂಡ್ ಚಿಹ್ನೆ, ಟೋಪಿ ಹಾಕಿದ ಇಂಗ್ಲಿಷ್ ಅಕ್ಷರ ಸುರಿಯಿತು. ನೋಡಲು ನುಡಿಯ ಹಾಗೇ ಇತ್ತು. ಡೆಸ್ಕಿನಲ್ಲಿ ತೆರೆದರೆ ಎಂಡಿ ಹೆಸರಿನ ಜಾಗದಲ್ಲಿ ಬರೀ ಒತ್ತಕ್ಷರ! ಕಡೆಗೆ ಮೈಸೂರಿನಿಂದ ಬಂದ ಇಂಟರ್ನ್ ಹುಡುಗಿ ಕನ್ವರ್ಟರ್‌ಗೆ ಹಾಕಿ, ಅಲ್ಲಲ್ಲಿ ತಿದ್ದಿ, ಚಹಾ ಆರುವ ಮೊದಲೇ ಕಳಿಸಿದಳು. ಮರುದಿನ ಲಿಂಕ್ಡ್‌ಇನ್‌ನಲ್ಲಿ ಸಾಹೇಬರ ಪೋಸ್ಟ್: ‘ಪ್ರಾದೇಶಿಕ ಭಾಷೆಯಲ್ಲಿ ಎಐ: ನಮ್ಮ ಯಶೋಗಾಥೆ.’ ಮೊದಲ ಲೈಕ್ ಆ ಹುಡುಗಿಯದೇ, ಪಾಪ.

ಇಷ್ಟಾದರೂ ಒಂದು ಕೆಲಸವನ್ನು ಅವರು ಯಂತ್ರಕ್ಕೆ ಬಿಟ್ಟಿಲ್ಲ. ಸಂಜೆ ಪೇಜ್ ಕಟ್ಟುವ ಗಡಿಬಿಡಿಯ ಹೊತ್ತಿಗೇ ಸರಿಯಾಗಿ ವರದಿಗಾರನಿಗೆ ಫೋನ್ ಹೋಗುತ್ತದೆ: ‘ಗುರುಗಳೇ, ಒಂದು ಮೇಲ್ ಹಾಕಿದ್ದೆ, ನೋಡಿದ್ರಾ? ಸಿಂಗಲ್ ಕಾಲಂ ಆದ್ರೂ ಪರವಾಗಿಲ್ಲ, ಎಂಡಿ ಫೋಟೊ ಒಂದು ಬಂದುಬಿಟ್ರೆ ಸಾಕು. ಇಲ್ದಿದ್ರೆ ನನ್ ಕಥೆ ಮುಗೀತು.’ ಕವರೇಜ್ ಬರುವುದು ಇವತ್ತಿಗೂ ಈ ಫೋನಿನಿಂದಲೇ.